ಹತ್ತು ಪಥದ ಪಕ್ಕ ಒಂದು ಸೈಕಲ್ ದಾರಿ

ಕಿರಂಗೂರು ಎಂದರೆ ಹೊರಗಿನವರಿಗೆ ನೆನಪಾಗುವುದು ಬನ್ನಿಮಂಟಪ. ಶ್ರೀರಂಗಪಟ್ಟಣ ದಸರಾದ ಜಂಬೂಸವಾರಿ ಹೊರಡುವುದು ಇಲ್ಲಿಂದಲೇ. ಆ ಒಂದು ದಿನ ವಾಹನಗಳನ್ನು ತಡೆದು ಆನೆಗೆ ದಾರಿ ಬಿಡಿಸುತ್ತಾರೆ. ಉಳಿದ ದಿನಗಳಲ್ಲಿ ಬ್ಯಾಗು ಹೊತ್ತು, ನಡೆದೋ ಸೈಕಲ್ ತುಳಿದೋ ಅದೇ ಪಟ್ಟಣದ ಶಾಲೆಗೆ ಹೋಗುವ ಮಕ್ಕಳಿಗೆ ದಾರಿ ಬಿಡಿಸುವವರು ಯಾರು?

ನಾನು ಡಿಗ್ರಿ ಮುಗಿಸಿ ಪಿಡಿಒ ಪರೀಕ್ಷೆಗೆ ಓದುತ್ತಿರುವವಳು. ಸಂಜೆ ಅಕ್ಕಪಕ್ಕದ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಅವರಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಲೆಕ್ಕದಲ್ಲಿ ಬಲು ಚುರುಕು. ಪಿಯುಸಿಯಲ್ಲಿ ಸೈನ್ಸ್ ತಗೊಳ್ಳಬೇಕೆಂಬ ಆಸೆ. ಅವಳಪ್ಪನ ಚಿಂತೆ ಫೀಸಿನದ್ದಲ್ಲ, ಮಾರ್ಕ್ಸಿನದ್ದೂ ಅಲ್ಲ. ‘ದಿನಾ ಆ ರೋಡಲ್ಲಿ ಹೆಣ್ಮಗೀನ ಒಬ್ಳೇ ಕಳ್ಸಕ್ಕಾಯ್ತದಾ?’ ಎನ್ನುತ್ತಾರೆ. ಈಗ ಅವರೇ ಬೈಕಿನಲ್ಲಿ ಬಿಟ್ಟು ಬರುತ್ತಾರೆ. ಕಾಲೇಜಿನ ಹೊತ್ತಿಗೆ ಅವರ ಕೆಲಸ ಹೊಂದುವುದಿಲ್ಲ. ಬಸ್ಸಿದೆಯಲ್ಲ, ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲವಲ್ಲ ಎಂದು ನೀವು ಕೇಳಬಹುದು. ಬಸ್ ಹತ್ತುವ ಮೊದಲೂ ಇಳಿದ ಮೇಲೂ ನಡೆಯಲೇಬೇಕು, ರಸ್ತೆ ದಾಟಲೇಬೇಕು. ಹುಡುಗಿಯೊಬ್ಬಳು ಏನು ಓದಬೇಕೆಂದು ಒಂದು ರಸ್ತೆ ತೀರ್ಮಾನಿಸುತ್ತಿದೆ ಎಂಬುದು ನನ್ನನ್ನು ಕಾಡಿದ ಸಂಗತಿ.

ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. 118 ಕಿ.ಮೀ. ಉದ್ದ, ಸುಮಾರು 8,480 ಕೋಟಿ ರೂಪಾಯಿ ವೆಚ್ಚ. ಭಾಗಿಸಿ ನೋಡಿದರೆ ಕಿ.ಮೀ.ಗೆ ಸುಮಾರು 72 ಕೋಟಿ. ನಡುವಿನ ಆರು ಪಥ ವೇಗದ ವಾಹನಗಳಿಗೆ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆ ಬಂದ್ ಆಯಿತು. ಅಪಘಾತ ತಡೆಯಲು ಅದು ಬೇಕಾಗಿತ್ತು, ಸರಿ. ಆದರೆ ಅವೆಲ್ಲ ಬಂದು ಸೇರಿದ್ದು ಸರ್ವಿಸ್ ರಸ್ತೆಗೆ. ಹಳ್ಳಿಯ ಮಕ್ಕಳು ನಡೆಯುವುದೂ ಸೈಕಲ್ ತುಳಿಯುವುದೂ ಅಲ್ಲಿಯೇ.

ಇದು ಬರೀ ನಮ್ಮೂರಿನ ಗೋಳಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು, ಅಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಫುಟ್‌ಪಾತ್ ಪಾದಚಾರಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು.

ನಮ್ಮ ರಾಜ್ಯ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತ್ತು. ನಾವೆಲ್ಲ ಆ ಸೈಕಲ್ ತುಳಿದವರೇ. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ಸೈಕಲ್ ಮತ್ತೆ ಕೊಡಿ ಎಂಬ ಬೇಡಿಕೆ ಆಗಾಗ ಕೇಳುತ್ತದೆ. ಸೈಕಲ್ ಓಡಿಸಲು ದಾರಿ ಕೊಡಿ ಎಂದು ಕೇಳಿದವರು ಕಡಿಮೆ.

ಯಾಕೆ ಯಾರೂ ಕೇಳುವುದಿಲ್ಲ? ಒಂದೇ ದಾರಿಗೆ ಮೂವರು ಯಜಮಾನರು. ಊರೊಳಗಿನ ರಸ್ತೆ ಗ್ರಾಮ ಪಂಚಾಯಿತಿಯದ್ದು. ಹೆದ್ದಾರಿ, ಅದರ ಸರ್ವಿಸ್ ರಸ್ತೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಕಾವೇರಿ ದಾಟಿದ ಮೇಲೆ ಪಟ್ಟಣದ ಬೀದಿಗಳು ಪುರಸಭೆಯವು. ಮಗುವಿಗೆ ಅದು ಮನೆಯಿಂದ ಶಾಲೆಗೆ ಒಂದೇ ದಾರಿ. ಕಡತದಲ್ಲಿ ಮಾತ್ರ ಮೂರು ತುಂಡು.

ಹಾಗಂತ ದುಡ್ಡೇ ಇಲ್ಲವೆಂದಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ನನ್ನ ನೋಟ್ಸಿನಲ್ಲೇ ಅದಿತ್ತು. 15ನೇ ಹಣಕಾಸು ಆಯೋಗ (2021–26) ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ 40 ಅನಿರ್ಬಂಧಿತವಾಗಿತ್ತು. ಅದನ್ನು ಸಂಬಳಕ್ಕೆ ಬಳಸುವಂತಿರಲಿಲ್ಲ, ಊರಿನ ಅಗತ್ಯಕ್ಕೆ ಬಳಸಬಹುದಿತ್ತು. ಪುರಸಭೆಯ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಉಪಕರದಂತೆ ನಗರ ಸಾರಿಗೆ ಉಪಕರವೂ ವಸೂಲಾಗುತ್ತದೆ. ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿಯಿದೆ. ಒಂದು ಜೀಬ್ರಾ ಪಟ್ಟಿ, ಒಂದು ರಸ್ತೆ ಉಬ್ಬು, ಎರಡು ಫಲಕ, ನಾಲ್ಕು ಬೀದಿದೀಪ, ಒಂದಿಷ್ಟು ಉದ್ದದ ಫುಟ್‌ಪಾತ್: ಕಿ.ಮೀ.ಗೆ 72 ಕೋಟಿ ಸುರಿದ ರಸ್ತೆಯ ಪಕ್ಕದಲ್ಲಿ ಇದು ಚಿಲ್ಲರೆ ಲೆಕ್ಕ. ಇಲ್ಲದಿರುವುದು ‘ಶಾಲೆಯ ದಾರಿ’ ಎಂಬ ಲೆಕ್ಕಶೀರ್ಷಿಕೆ. ಹೆಸರೇ ಇಲ್ಲದ ಕೆಲಸಕ್ಕೆ ಹಣ ಇಡುವವರು ಯಾರು?

ಹೆಸರಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಉದಾಹರಣೆಗಳಿವೆ. ನೆದರ್ಲೆಂಡ್ಸ್‌ನಲ್ಲಿ 1971ರ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತಾಗ ತಂದೆತಾಯಂದಿರು ಬೀದಿಗಿಳಿದರು. ಇಂದು ಅದು ಸೈಕಲ್ಲಿನ ನಾಡು. ಅಮೆರಿಕ 2005ರಲ್ಲಿ ಶಾಲೆಯ ಸುರಕ್ಷಿತ ದಾರಿಗೆಂದೇ ಐದು ವರ್ಷಕ್ಕೆ 61 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟಿತು. ಅದನ್ನು ನೋಡಿಕೊಳ್ಳಲು ಪ್ರತಿ ರಾಜ್ಯದಲ್ಲೂ ಪೂರ್ಣಾವಧಿ ಅಧಿಕಾರಿಯೊಬ್ಬರು ಇರಲೇಬೇಕೆಂದು ಕಾನೂನಿನಲ್ಲೇ ಬರೆಯಿತು. ಹಣ ಇತ್ತು, ಕೇಳಿದರೆ ಉತ್ತರ ಹೇಳುವ ಒಬ್ಬ ಮನುಷ್ಯನೂ ಇದ್ದ.

ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕೇ? ಟ್ಯೂಷನ್ ಮಕ್ಕಳಿಗೆ ಬಿಳಿ ಹಾಳೆ ಕೊಟ್ಟು, ‘ಮನೆಯಿಂದ ಸ್ಕೂಲಿಗೆ ಹೋಗೋ ದಾರಿ ಬರೀರಿ, ಭಯ ಆಗೋ ಕಡೆ ಕೆಂಪು ಚುಕ್ಕೆ ಇಡಿ’ ಎಂದೆ. ಬಸ್ಸು ಅಡ್ಡ ನಿಂತು ಎದುರಿನ ಗಾಡಿ ಕಾಣದ ಜಾಗ, ಕಬ್ಬಿನ ಟ್ರ್ಯಾಕ್ಟರ್ ಪಕ್ಕದಲ್ಲಿ ಹಾದಾಗ ಗರಿ ಮುಖಕ್ಕೆ ಬಡಿಯುವ ಜಾಗ, ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಬರುವಾಗ ಕತ್ತಲಿರುವ ತಿರುವು. ದೊಡ್ಡವರ ಕಣ್ಣಿಗೆ ಬೀಳದ್ದನ್ನೆಲ್ಲ ಅವರು ಗುರುತಿಸಿದ್ದರು. ಆ ಚುಕ್ಕೆಗಳನ್ನು ಮೂವರು ಯಜಮಾನರಿಗೆ ಹಂಚಿ ಮೂರು ಅರ್ಜಿ ಬರೆದೆವು. ಪ್ರತಿಯೊಂದರಲ್ಲೂ ಜಾಗ ಯಾವುದು, ಆಗಬೇಕಾದ ಕೆಲಸ ಏನು, ಯಾವ ಅನುದಾನದಿಂದ ಮಾಡಬಹುದು ಎಂದು ಸ್ಪಷ್ಟವಾಗಿ ನಮೂದಿಸಿದೆವು. ಪೋಷಕರು ಸಹಿ ಹಾಕಿದರು. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಮೂರು ಸ್ವೀಕೃತಿ ಪತ್ರ ಮಾತ್ರ. ರಸ್ತೆ ಇನ್ನೂ ಹಾಗೇ ಇದೆ. ಮುಂದಿನ ಗ್ರಾಮಸಭೆಯಲ್ಲಿ ಆ ಸ್ವೀಕೃತಿ ಹಿಡಿದು ಕೇಳುವವರಿದ್ದೇವೆ.

ಗೆಳೆಯರೇ, ನೀವು ಕೆಎಎಸ್‌ಗೋ ಪಿಡಿಒಗೋ ಎಫ್‌ಡಿಎಗೋ ಓದುತ್ತಿದ್ದರೆ ಗ್ರಾಮಸಭೆ ಆರು ತಿಂಗಳಿಗೊಮ್ಮೆ ನಡೆಯಲೇಬೇಕೆಂಬುದು ನಿಮಗೆ ಗೊತ್ತು. ಮಕ್ಕಳ ಗ್ರಾಮಸಭೆ, ಎಸ್‌ಡಿಎಂಸಿ, ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಎಲ್ಲವೂ ಗೊತ್ತು. ಅವು ಬರೀ ಒಂದು ಅಂಕದ ಪ್ರಶ್ನೆಗಳಲ್ಲ. ಹೊಲ ನೋಡಿಕೊಳ್ಳುವ ಅಪ್ಪನಿಗೆ, ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮನಿಗೆ ಅವನ್ನು ಓದಿಕೊಂಡು ಕೂರಲು ಪುರುಸೊತ್ತಿಲ್ಲ. ಕೆಲಸ ಸಿಗುವವರೆಗೆ ನಮಗಿರುವುದು ಅದೊಂದೇ. ಈ ಭಾನುವಾರ ನಿಮ್ಮ ಬೀದಿಯ ಮಕ್ಕಳಿಗೂ ಒಂದು ಬಿಳಿ ಹಾಳೆ, ಒಂದು ಕೆಂಪು ಪೆನ್ನು ಕೊಟ್ಟು ನೋಡಿ. ಅರ್ಜಿ ಬರೆಯುವುದು ನಿಮಗೆ ಹೇಗೂ ಬರುತ್ತದೆ.