ಅಗ್ಗದ ಬೋಟು, ದುಬಾರಿ ಬೇಸಿಗೆ

ಅಮೆರಿಕದ ಮಿನ್ನೆಸೋಟಾದಲ್ಲಿ ಏಪ್ರಿಲ್ ಬಂತೆಂದರೆ ಚಳಿಗಾಲವಿಡೀ ಸರೋವರಗಳ ಮೇಲೆ ಗಟ್ಟಿಯಾಗಿ ಕೂತಿದ್ದ ಮಂಜುಗಡ್ಡೆ ಕರಗತೊಡಗುತ್ತದೆ. ಅದರ ಬೆನ್ನಿಗೇ ಮನೆಗಳ ಅಂಗಳದಲ್ಲಿ, ಹೆದ್ದಾರಿಯ ಅಂಚಿನಲ್ಲಿ, ಪೆಟ್ರೋಲ್ ಬಂಕುಗಳ ಮಗ್ಗುಲಲ್ಲಿ ಹಳೇ ಬೋಟುಗಳು ಪ್ರತ್ಯಕ್ಷವಾಗುತ್ತವೆ. ಎಲ್ಲವೂ ಟ್ರೇಲರ್ ಏರಿ, ‘ಮಾರಾಟಕ್ಕಿದೆ’ ಎಂಬ ಫಲಕ ಹೊತ್ತವು. ಹತ್ತು ಎಕರೆಗೆ ಕಡಿಮೆಯಿಲ್ಲದ ಸರೋವರಗಳೇ 11,842 ಇರುವ ರಾಜ್ಯವಿದು. ನೋಂದಣಿಯಾದ ಬೋಟುಗಳು ಎಂಟು ಲಕ್ಷದ ಆಸುಪಾಸು. ಇಲ್ಲಿ ಬೋಟು ಶ್ರೀಮಂತರ ಸೊತ್ತೇನಲ್ಲ. ಶಾಲಾ ಮೇಷ್ಟ್ರು, ನರ್ಸು, ಪ್ಲಂಬರು ಎಲ್ಲರ ಮನೆಯಲ್ಲೂ ಇರುತ್ತದೆ. ನೀರಿನ ಮೇಲೆ ಸ್ಕೀ ಮಾಡುವ ಆಟ ಹುಟ್ಟಿದ್ದೂ ಇಲ್ಲೇ. 1922ರಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿನೆಂಟರ ಹುಡುಗ ಪೈನ್ ಮರದ ಎರಡು ಹಲಗೆ ಕಾಲಿಗೆ ಕಟ್ಟಿಕೊಂಡು, ಲೇಕ್ ಪೆಪಿನ್‌ನಲ್ಲಿ ಬೋಟಿನ ಹಿಂದೆ ಹಗ್ಗ ಹಿಡಿದು ನಿಂತ.

ಇಂಥ ಊರಿನಲ್ಲಿ ಎರಡು ಮಕ್ಕಳಿರುವ ಸಂಸಾರವೊಂದು ಮೊದಲ ಬೋಟಿನ ಕನಸು ಕಂಡರೆ ಲೆಕ್ಕ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. ಏಳೆಂಟು ಮಂದಿ ಕೂರುವ ಹೊಸ ಬೋಟು, ಎಂಜಿನ್ ಮತ್ತು ಟ್ರೇಲರ್ ಸೇರಿ ಮೂವತ್ತು ಸಾವಿರ ಡಾಲರ್ ದಾಟುವುದು ಮಾಮೂಲು. ಅದೇ ಅಳತೆಯ, 1990ರ ಸುಮಾರಿಗೆ ತಯಾರಾದ ಬೋಟು ನಾಲ್ಕೈದು ಸಾವಿರಕ್ಕೆ ಸಿಗುತ್ತದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಅಂಥ ವ್ಯತ್ಯಾಸವೇನೂ ಕಾಣದು. ಎಡವುವುದು ಇಲ್ಲಿಯೇ.

ಮೂವತ್ತು ನಲವತ್ತು ವರ್ಷದ ಬೋಟುಗಳು ಇಷ್ಟೊಂದು ಉಳಿದಿರುವುದಕ್ಕೆ ಫೈಬರ್‌ಗ್ಲಾಸ್ ಕಾರಣ. ಅದಕ್ಕೂ ಮುಂಚೆ ಬೋಟೆಂದರೆ ಮರ. ಮಿಷಿಗನ್‌ನ ಆಲ್ಗೊನಾಕ್‌ನಲ್ಲಿ ತಯಾರಾಗುತ್ತಿದ್ದ ಕ್ರಿಸ್-ಕ್ರಾಫ್ಟ್‌ನ ಮಹಾಗನಿ ಬೋಟುಗಳಿಗೆ ಪ್ರತಿ ವರ್ಷ ವಾರ್ನಿಷ್ ಸೇವೆ ಆಗಲೇಬೇಕಿತ್ತು. ಎರಡನೇ ಮಹಾಯುದ್ಧದ ನಂತರ ಬಂದ ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. 1980ರ ದಶಕದಲ್ಲಿ ಬೇಲೈನರ್‌ನಂಥ ಕಂಪನಿಗಳು ಬೋಟು, ಎಂಜಿನ್, ಟ್ರೇಲರ್ ಮೂರನ್ನೂ ಒಂದೇ ಬೆಲೆಗೆ ಕಟ್ಟಿಕೊಟ್ಟು ಮಧ್ಯಮ ವರ್ಗದವರನ್ನು ನೀರಿಗಿಳಿಸಿದವು. ಮಾರಾಟ ಉಕ್ಕಿ ಹರಿದ ಕಾಲ ಅದು. ಆಮೇಲೆ ಆರ್ಥಿಕ ಹಿಂಜರಿತ ಬಂತು. ಒಂದು ಲಕ್ಷ ಡಾಲರ್ ಮೀರಿದ ಬೋಟುಗಳ ಮೇಲೆ 1991ರಲ್ಲಿ ಶೇ. 10ರ ಐಷಾರಾಮಿ ತೆರಿಗೆಯೂ ಬಿತ್ತು. ಬೋಟು ಕಟ್ಟುವ ಕೆಲಸಗಾರರ ಹೊಟ್ಟೆಗೇ ಹೊಡೆತ ಬಿದ್ದದ್ದನ್ನು ಕಂಡು ಸರ್ಕಾರ 1993ರಲ್ಲಿ ಅದನ್ನು ತೆಗೆದುಹಾಕಿತು. ಆದರೆ ಆ ಸುಗ್ಗಿಯ ಕಾಲದ ಬೋಟುಗಳು ಎಲ್ಲಿಗೂ ಹೋಗಲಿಲ್ಲ. ಇಂದು ಅಂಗಳಗಳಲ್ಲಿ ಮಾರಾಟಕ್ಕೆ ನಿಂತಿರುವವುಗಳಲ್ಲಿ ಬಹಳಷ್ಟು ಅವೇ.

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ನಿಜ. ಅದರೊಳಗೆ ಅಡಗಿರುವ ಮರ ಕೊಳೆಯುತ್ತದೆ.

ಆ ಕಾಲದ ಬಹುಪಾಲು ಬೋಟುಗಳಲ್ಲಿ ನೆಲದ ಹಾಸು ಪ್ಲೈವುಡ್‌ನದು. ಅದರ ಕೆಳಗೆ ಉದ್ದಕ್ಕೂ ಓಡುವ, ಸ್ಟ್ರಿಂಗರ್ ಎಂದು ಕರೆಯುವ ತೊಲೆಗಳೂ ಮರದವೇ. ಎಂಜಿನ್ನಿನ ಭಾರ ಮತ್ತು ತಳ್ಳುವ ಬಲವನ್ನು ಹೊರುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್, ಎರಡು ಪದರ ಫೈಬರ್‌ಗ್ಲಾಸ್ ನಡುವೆ ಕೂಡಿಸಿದ ದಪ್ಪ ಪ್ಲೈವುಡ್. ಹಿಂದಿನ ಮಾಲೀಕ ಎಂದೋ ಏಣಿ ಕೂರಿಸಲು ನಾಲ್ಕು ತೂತು ಕೊರೆದು, ಸೀಲೆಂಟ್ ಹಚ್ಚದೆ ಸ್ಕ್ರೂ ಬಿಗಿದಿದ್ದರೆ ಸಾಕು. ವರ್ಷಗಟ್ಟಲೆ ಹನಿ ಹನಿಯಾಗಿ ನೀರು ಒಳಗೆ ಇಳಿದು ಮರ ಗೊಬ್ಬರವಾಗಿರುತ್ತದೆ. ಮೇಲಿನ ಬಣ್ಣ ಮಾತ್ರ ಫಳಫಳ.

ಇದನ್ನು ಪತ್ತೆಹಚ್ಚುವ ಕ್ರಮ ಬಹಳ ಹಳೆಯದು. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಹಿಡಿದು, ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ, ಟ್ರಾನ್ಸಮ್ಮನ್ನು ಅಂಗುಲ ಅಂಗುಲವಾಗಿ ತಟ್ಟಬೇಕು. ಗಟ್ಟಿಯಿದ್ದ ಕಡೆ ಠಣ್ಣೆನ್ನುತ್ತದೆ, ಕೊಳೆತ ಕಡೆ ಮಂಕು ಸದ್ದು. ನೆಲದ ಮೇಲೆ ಹಿಮ್ಮಡಿ ಊರಿ ನಡೆದಾಗ ಎಲ್ಲಾದರೂ ಮೆತ್ತಗೆ ಕುಸಿದಂತಾದರೆ ಅನುಮಾನ ಪಡಬೇಕು. ಎಂಜಿನ್ನನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಟ್ರಾನ್ಸಮ್ ಬಾಗಿದರೆ ವ್ಯಾಪಾರವನ್ನು ಅಲ್ಲಿಗೇ ಬಿಟ್ಟು ಹೊರಡುವುದು ಲೇಸು. ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿಸುವ ಕೂಲಿ ಬೋಟಿನ ಬೆಲೆಯನ್ನೇ ಮೀರುತ್ತದೆ.

ಹೆಸರುವಾಸಿ ಬೋಟಾದರೆ ಈ ಚಿಂತೆ ಇಲ್ಲವೆಂದುಕೊಳ್ಳುವವರಿದ್ದಾರೆ. ಬೋಸ್ಟನ್ ವೇಲರ್ ಕಂಪನಿಯ ಡಿಕ್ ಫಿಶರ್ ತನ್ನ ಬೋಟಿನಲ್ಲಿ ಕೂತಿರುವಂತೆಯೇ ಅದನ್ನು ಗರಗಸದಿಂದ ಎರಡು ತುಂಡು ಮಾಡಿಸಿ, ಅರ್ಧ ಬೋಟಿನಲ್ಲೇ ತೇಲಿದ ಚಿತ್ರಗಳು 1961ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಂದಿದ್ದವು. ಒಡಲಿನ ಎರಡು ಪದರಗಳ ನಡುವೆ ಫೋಮ್ ತುಂಬಿದ್ದರಿಂದ ಆದ ಪವಾಡ. ಅಂಥ ಬೋಟುಗಳಿಗೆ ಇಂದಿಗೂ ಬೆಲೆಯಿದೆ. ಆದರೆ ಆ ಹಳೇ ವೇಲರ್‌ಗಳ ಟ್ರಾನ್ಸಮ್‌ನಲ್ಲೂ ಪ್ಲೈವುಡ್ ಇದೆ, ಫೋಮ್ ಒಳಗೆ ನೀರು ಸೇರಿದರೆ ಒಣಗಿಸುವುದು ಹರಸಾಹಸ. ಹೆಸರು ನೋಡಿ ಸುತ್ತಿಗೆಯನ್ನು ಮನೆಯಲ್ಲಿ ಬಿಟ್ಟು ಹೋಗಬಾರದು.

ಇನ್ನು ಎಂಜಿನ್. ಹಳೇ ಫ್ಯಾಮಿಲಿ ಬೋಟುಗಳಲ್ಲಿ ಹೆಚ್ಚಾಗಿ ಸಿಗುವುದು ಸ್ಟರ್ನ್‌ಡ್ರೈವ್. ಎಂಜಿನ್ ಬೋಟಿನೊಳಗೆ, ಪ್ರೊಪೆಲ್ಲರ್ ತಿರುಗಿಸುವ ಗೇರು ಹೊರಗೆ. ಜಿಮ್ ವಿನ್ ಎಂಬ ಅಮೆರಿಕನ್ ಎಂಜಿನಿಯರನ ಈ ಕಲ್ಪನೆಯನ್ನು 1959ರಲ್ಲಿ ಸ್ವೀಡನ್ನಿನ ವೋಲ್ವೊ ಪೆಂಟಾ ಮಾರುಕಟ್ಟೆಗೆ ತಂದಿತು. ಎರಡೇ ವರ್ಷದಲ್ಲಿ ಮರ್ಕ್ರೂಸರ್ ಕೂಡ ಕಣಕ್ಕಿಳಿಯಿತು. ಒಳಗಿರುವುದು ಬಹುತೇಕ ಕಾರಿನ ಎಂಜಿನ್ನೇ, ನೀರಿಗೆ ಹೊಂದುವಂತೆ ಮಾರ್ಪಡಿಸಿದ್ದು. ಹಾಗಾಗಿ ಬಿಡಿಭಾಗ ಸುಲಭ, ಶಕ್ತಿ ಧಾರಾಳ.

ತೊಂದರೆ ಇರುವುದು ಆ ಒಳಗು ಹೊರಗು ಕೂಡುವಲ್ಲಿ. ಟ್ರಾನ್ಸಮ್ಮಿನ ತೂತಿನ ಮೂಲಕ ಹಾಯುವ ಶಾಫ್ಟನ್ನು ಬೆಲ್ಲೋಸ್ ಎಂಬ ರಬ್ಬರ್ ತಿದಿ ನೀರಿನಿಂದ ಕಾಯುತ್ತದೆ. ರಬ್ಬರು ಹಳತಾಗಿ ಬಿರಿದರೆ, ಕಟ್ಟಿಹಾಕಿದ ಜಾಗದಲ್ಲೇ ಬೋಟು ರಾತ್ರೋರಾತ್ರಿ ಮುಳುಗಬಹುದು. ಚಳಿ ಪ್ರದೇಶದಲ್ಲಿ ಇನ್ನೊಂದು ಕಂಟಕವಿದೆ. ಚಳಿಗಾಲಕ್ಕೆ ಮುಂಚೆ ಎಂಜಿನ್ನಿನ ನೀರನ್ನು ಪೂರ್ತಿ ಬಸಿಯದಿದ್ದರೆ, ಹೆಪ್ಪುಗಟ್ಟುವ ನೀರು ಸುಮಾರು ಶೇ. 9ರಷ್ಟು ಹಿಗ್ಗಿ ಬೀಡು ಕಬ್ಬಿಣದ ಬ್ಲಾಕನ್ನೇ ಸೀಳುತ್ತದೆ. ಒಂದೇ ಒಂದು ವರ್ಷದ ಮರೆವು ಸಾಕು. ಸಮುದ್ರದಲ್ಲಿ ಓಡಿದ ಬೋಟಾದರೆ ಹೊಗೆ ಹೋಗುವ ಮ್ಯಾನಿಫೋಲ್ಡನ್ನು ಉಪ್ಪು ಒಳಗಿನಿಂದ ತಿಂದಿರುತ್ತದೆ. ಫ್ಲೋರಿಡಾದ ಕಡಲಿನಿಂದ ಬಂದ ಬೋಟಿಗಿಂತ ಸಿಹಿನೀರಿನ ಸರೋವರ ಬಿಟ್ಟು ಹೋಗದ ಬೋಟಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನೋಡಲು ಹೋದಾಗ ಮೊದಲು ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಮಾರುವವನು ಮುಂಚೆಯೇ ಚಾಲೂ ಮಾಡಿಟ್ಟಿದ್ದಾನೆ. ತಣ್ಣಗಿರುವಾಗ ಅದು ಹಟ ಮಾಡುತ್ತದೆಂಬುದನ್ನು ಮುಚ್ಚಿಡುವ ಉಪಾಯವಿರಬಹುದು. ಗೇರಿನ ಎಣ್ಣೆ ಹಾಲು ಬೆರೆಸಿದ ಹಾಗೆ ಬಿಳಚಿಕೊಂಡಿದ್ದರೆ ಒಳಗೆ ನೀರು ಹೊಕ್ಕಿದೆ. ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಸಬೇಕು. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮ ಬರಬೇಕು. ಎಂಜಿನ್ ಯಾರದ್ದು ಎಂಬುದೂ ಮುಖ್ಯ. ಉದಾಹರಣೆಗೆ 1980ರ ದಶಕದ ಕೊನೆಯ ಅನೇಕ ಬೋಟುಗಳಲ್ಲಿ ಒಎಂಸಿ ಕೋಬ್ರಾ ಎಂಬ ಸ್ಟರ್ನ್‌ಡ್ರೈವ್ ಇದೆ. ಆ ಕಂಪನಿ 2000ದ ಡಿಸೆಂಬರ್‌ನಲ್ಲಿ ದಿವಾಳಿಯೆದ್ದಿತು. ಬೋಟು ಅಗ್ಗಕ್ಕೇನೋ ಸಿಗುತ್ತದೆ, ಬಿಡಿಭಾಗ ಹುಡುಕುತ್ತಾ ಬೇಸಿಗೆ ಕಳೆಯುತ್ತದೆ.

ಮೊದಲ ಬೋಟಿಗೆ ಔಟ್‌ಬೋರ್ಡ್ ಎಂಜಿನ್ನೇ ಮೇಲು ಎಂಬುದು ಈ ಲೇಖನದ ನಿಲುವು. ನಾರ್ವೆಯಿಂದ ವಿಸ್ಕಾನ್ಸಿನ್‌ಗೆ ವಲಸೆ ಬಂದಿದ್ದ ಓಲೆ ಎವಿನ್ರೂಡ್, ಪ್ರೇಯಸಿ ಬೆಸ್‌ಗೆಂದು ಸರೋವರದಾಚೆಯಿಂದ ಐಸ್‌ಕ್ರೀಮ್ ತರಲು ಹುಟ್ಟು ಹಾಕುತ್ತಾ ಬರುವಷ್ಟರಲ್ಲಿ ಅದು ಕರಗಿಹೋಗಿ, ಆ ಸಿಟ್ಟಿನಲ್ಲೇ ಎಂಜಿನ್ ಮಾಡಹೊರಟನೆಂಬ ಕಥೆ ಅಲ್ಲಿ ಎಲ್ಲರ ಬಾಯಲ್ಲಿದೆ. ಕಥೆಗೆ ಉಪ್ಪುಖಾರ ಎಷ್ಟು ಬಿದ್ದಿದೆಯೋ! 1909ರಲ್ಲಿ ಅವನ ಎಂಜಿನ್ ಮಾರಾಟಕ್ಕೆ ಬಂದದ್ದಂತೂ ಹೌದು. ಟ್ರಾನ್ಸಮ್ಮಿನ ಹೊರಗೆ ತೂಗುವ ಇಂಥ ಎಂಜಿನ್ನನ್ನು ಎತ್ತಿ ನಿಲ್ಲಿಸಿದರೆ ಅದರೊಳಗಿನ ನೀರು ತಾನೇ ಇಳಿದುಹೋಗುತ್ತದೆ. ನೀರಿನ ಮಟ್ಟದ ಕೆಳಗೆ ಬೋಟಿಗೆ ದೊಡ್ಡ ತೂತಿಲ್ಲ. ಕೆಟ್ಟು ಕೂತರೆ ಬಿಚ್ಚಿ ಬೇರೆಯದನ್ನು ತೂಗುಹಾಕಬಹುದು.

ಸ್ಟರ್ನ್‌ಡ್ರೈವ್ ಕೊಂಡವರಿಗೆ ಒಂದು ಎಚ್ಚರಿಕೆ. ಎಂಜಿನ್ ಕಾರಿನದೇ ಅಲ್ಲವೇ ಎಂದು ಕಾರಿನ ಸ್ಟಾರ್ಟರನ್ನೋ ಆಲ್ಟರ್ನೇಟರನ್ನೋ ಅಗ್ಗಕ್ಕೆ ತಂದು ಹಾಕುವವರಿದ್ದಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಾದರೆ ಕೆಳಗಿಳಿದು ರಸ್ತೆಗೆ ಹೋಗುತ್ತದೆ, ಬೋಟಿನಲ್ಲಿ ತಳದಲ್ಲಿ ತುಂಬಿಕೊಳ್ಳುತ್ತದೆ. ಕಾರಿನ ಸ್ಟಾರ್ಟರಿನಿಂದ ಹಾರುವ ಒಂದು ಕಿಡಿ ಸಾಕು, ಬೋಟು ಸಿಡಿಯಲು. ಬೋಟಿನ ಬಿಡಿಭಾಗಗಳಲ್ಲಿ ಕಿಡಿ ಹೊರಗೆ ಬರದಂತೆ ಏರ್ಪಾಡಿರುತ್ತದೆ, ಬೆಲೆ ಹೆಚ್ಚಿರುವುದೂ ಅದಕ್ಕೇ. ಕೀಲಿ ತಿರುಗಿಸುವ ಮುಂಚೆ ಬ್ಲೋವರ್ ಫ್ಯಾನನ್ನು ನಾಲ್ಕು ನಿಮಿಷ ಓಡಿಸಬೇಕೆಂದು ಚಾಲಕನ ಕಣ್ಣೆದುರೇ ಚೀಟಿ ಅಂಟಿಸಿರುತ್ತಾರೆ. ಹಳೇ ಬೋಟಿನಲ್ಲಿ ಆ ಚೀಟಿ ಉದುರಿಹೋಗಿರುತ್ತದೆ, ಎಷ್ಟೋ ಸಲ ಫ್ಯಾನೂ ಕೆಟ್ಟಿರುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಬಹುದು. 1972ರ ನವೆಂಬರ್ ನಂತರ ಅಮೆರಿಕದಲ್ಲಿ ತಯಾರಾದ ಪ್ರತಿ ಬೋಟಿನ ಹಿಂಬದಿ ಬಲಮೂಲೆಯಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಮೊದಲ ಮೂರು ತಯಾರಕರದ್ದು. ಈಗಿನ ಕ್ರಮದಲ್ಲಿ ಕೊನೆಯ ಎರಡು ಮಾದರಿಯ ವರ್ಷ. ಅದು ಮಾಲೀಕತ್ವದ ಪತ್ರದಲ್ಲಿರುವ ಸಂಖ್ಯೆಗೆ ತಾಳೆಯಾಗದಿದ್ದರೆ ಮಾತು ಮುಂದುವರಿಸಬಾರದು. ಟ್ರೇಲರಿಗೆ ಬೇರೆಯೇ ದಾಖಲೆ ಇರುತ್ತದೆ.

ಟ್ರೇಲರನ್ನು ಎಳೆಯುವುದು ಯಾವುದು? ಮಿನ್ನಿಯಾಪೊಲಿಸ್, ಡೆಟ್ರಾಯ್ಟ್ ಸುತ್ತಮುತ್ತ ನೆಲೆಸಿದ ಕನ್ನಡ ಸಂಸಾರಗಳ ಮನೆಮುಂದೆಯೂ ಟೊಯೋಟಾ ಸಿಯೆನ್ನಾ, ಹೋಂಡಾ ಒಡಿಸ್ಸಿಯಂಥ ವ್ಯಾನುಗಳು ನಿಂತಿರುತ್ತವೆ. ಅವು ಎಳೆಯಬಲ್ಲ ಭಾರ ಹೆಚ್ಚೆಂದರೆ 3,500 ಪೌಂಡ್, ಅಂದರೆ ಸುಮಾರು 1,590 ಕಿಲೋ. ಹದಿನೆಂಟು ಅಡಿಯ ಬೋಟು, ಅದರ ಟ್ರೇಲರು, ತುಂಬಿದ ಪೆಟ್ರೋಲ್ ಟ್ಯಾಂಕು, ಬುತ್ತಿ, ಐಸ್ ಪೆಟ್ಟಿಗೆ ಎಲ್ಲ ಸೇರಿದರೆ ತೂಕ ಆ ಗೆರೆಯನ್ನೇ ಮುಟ್ಟುತ್ತದೆ. ಎಳೆಯುವುದು ಹೇಗೋ ಆಗುತ್ತದೆ. ಇಳಿಜಾರಿನ ಒದ್ದೆ ರ‍್ಯಾಂಪಿನಿಂದ ಮೇಲಕ್ಕೆ ತರುವುದು, ಬ್ರೇಕು ಹಾಕಿ ನಿಲ್ಲಿಸುವುದು ಕಷ್ಟ. ಟ್ರೇಲರಿನ ಟೈರು ಸವೆದಿಲ್ಲವೆಂದು ಹಿಗ್ಗುವಂತೆಯೂ ಇಲ್ಲ. ಅದು ನಿಂತಲ್ಲೇ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ.

ಇಷ್ಟೆಲ್ಲ ನೋಡುವ ಕಣ್ಣು ಹೊಸಬರಿಗೆ ಎಲ್ಲಿಂದ ಬರಬೇಕು? ಅದಕ್ಕೇ ಮರೀನ್ ಸರ್ವೇಯರ್ ಎಂಬ ಪರಿಣತರಿದ್ದಾರೆ. ತೇವ ಅಳೆಯುವ ಮೀಟರು, ಸುತ್ತಿಗೆ, ಟಾರ್ಚು ಹಿಡಿದು ಬಂದು ಕೆಲವು ಗಂಟೆ ಮೂಲೆಮೂಲೆ ತಡಕಿ ಲಿಖಿತ ವರದಿ ಕೊಡುತ್ತಾರೆ. ಶುಲ್ಕ ಕೆಲವು ನೂರು ಡಾಲರ್. ನಾಲ್ಕು ಸಾವಿರದ ಬೋಟಿಗೆ ಅಷ್ಟೇಕೆ ಎಂದು ಮೂಗು ಮುರಿಯುವವರೇ ಹೆಚ್ಚು. ಆದರೆ ಬೋಟು ಅಗ್ಗವಾದಷ್ಟೂ ಅದರಲ್ಲಿ ಮುಚ್ಚಿಟ್ಟ ರಿಪೇರಿ ಇರುವ ಸಂಭವ ಜಾಸ್ತಿ, ಆ ವರದಿಯ ಅಗತ್ಯವೂ ಅಷ್ಟೇ ಜಾಸ್ತಿ. ಹಳೇ ಬೋಟಿಗೆ ವಿಮೆ ಕೊಡುವಾಗ ಅನೇಕ ಕಂಪನಿಗಳು ಇದೇ ವರದಿಯನ್ನು ಕೇಳುತ್ತವೆ. ಜೊತೆಗೆ ನೀರಿನ ಮೇಲೆ ಓಡಿಸಿ ನೋಡಲೇಬೇಕು. ಅಂಗಳದಲ್ಲಿ ಹೋಸ್ ಪೈಪಿನ ನೀರು ಕೊಟ್ಟು ಚಾಲೂ ಮಾಡಿ ತೋರಿಸುವುದು ಪರೀಕ್ಷೆಯಾಗದು. ಭಾರ ಬಿದ್ದಾಗಲಷ್ಟೇ ಎಂಜಿನ್ನಿನ ಬಣ್ಣ ಬಯಲಾಗುತ್ತದೆ.

ಬೋಟಿನ ವರ್ಷದ ಖರ್ಚು ಅದರ ಬೆಲೆಯ ಹತ್ತನೇ ಒಂದು ಪಾಲು ಎಂಬ ಲೆಕ್ಕವನ್ನು ಮಾರಾಟಗಾರರು ಒಪ್ಪಿಸುತ್ತಾರೆ. ಹೊಸ ಬೋಟಿಗೆ ಅದು ಸರಿಯಿರಬಹುದು. ನಾಲ್ಕು ಸಾವಿರದ ಬೋಟಿಗೆ ವರ್ಷಕ್ಕೆ ನಾನೂರು ಡಾಲರ್ ಸಾಕೆಂದು ನಂಬಿದವರು ಮೊದಲ ಚಳಿಗಾಲದಲ್ಲೇ ತಬ್ಬಿಬ್ಬಾಗುತ್ತಾರೆ. ಚಳಿಗಾಲದ ಕೊಟ್ಟಿಗೆ ಬಾಡಿಗೆ, ವಿಮೆ, ಎಂಜಿನ್ನಿನ ನೀರು ಬಸಿದು ಸಿದ್ಧಪಡಿಸುವ ಕೂಲಿ, ಮೆಕ್ಯಾನಿಕ್ಕಿನ ಗಂಟೆ ದರ ಯಾವುದೂ ಬೋಟಿನ ಬೆಲೆ ನೋಡಿ ಇಳಿಯುವುದಿಲ್ಲ. ಕೈಯಲ್ಲಿ ಎಂಟು ಸಾವಿರ ಇದ್ದರೆ ಐದಕ್ಕೆ ಬೋಟು ಕೊಂಡು, ಮೂರನ್ನು ಮೊದಲ ವರ್ಷಕ್ಕೆಂದು ತೆಗೆದಿಡುವುದು ಜಾಣತನ.

ಆ ಮೂರು ಸಾವಿರದಲ್ಲಿ ಮೊದಲ ಪಾಲು ಲೈಫ್ ಜಾಕೆಟ್ಟಿಗೆ ಹೋಗಬೇಕು. ಹಳೇ ಬೋಟಿನ ಸೀಟಿನಡಿ ಬೂಷ್ಟು ಹಿಡಿದು ಬಿದ್ದಿರುವವನ್ನು ಎಸೆದು, ಪ್ರತಿ ಮಗುವಿನ ತೂಕಕ್ಕೆ ಹೊಂದುವಂಥದನ್ನೇ ಕೊಳ್ಳಬೇಕು. ಅಮೆರಿಕದಲ್ಲಿ 2023ರಲ್ಲಿ ವಿಹಾರದ ಬೋಟುಗಳ ಅವಘಡಗಳಲ್ಲಿ 564 ಮಂದಿ ಸತ್ತರು. ಸಾವಿನ ಕಾರಣ ತಿಳಿದವರಲ್ಲಿ ಮುಕ್ಕಾಲು ಪಾಲು ಜನ ನೀರಿನಲ್ಲಿ ಮುಳುಗಿದವರು, ಮುಳುಗಿದವರಲ್ಲಿ ಶೇ. 87 ಮಂದಿಯ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ತುಂಗೆಯಲ್ಲಿ ಈಜಿ ಬೆಳೆದವರೂ ಇಲ್ಲಿ ಮೈಮರೆಯುವಂತಿಲ್ಲ. ಮೇ ತಿಂಗಳಲ್ಲೂ ಮಿನ್ನೆಸೋಟಾದ ನೀರು ಕೊರೆಯುತ್ತಿರುತ್ತದೆ. ಅದಕ್ಕೆ ಬಿದ್ದೊಡನೆ ಉಸಿರು ಕಟ್ಟಿ, ಕೈಕಾಲು ಮರಗಟ್ಟಿ ಒಳ್ಳೆಯ ಈಜುಗಾರನೂ ಸೋಲುತ್ತಾನೆ. 26 ಅಡಿಗಿಂತ ಚಿಕ್ಕ ಬೋಟಿನಲ್ಲಿ, ಚಾಲಕ ಹೊರಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ ಇದ್ದಲ್ಲಿ ಅದನ್ನು ಮೈಗೆ ಸಿಕ್ಕಿಸಿಕೊಳ್ಳಬೇಕೆಂದು 2021ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರದ ನಿಯಮವೂ ಇದೆ.

ಮರೆಯಬಾರದ ಇನ್ನೊಂದು ಸಣ್ಣ ವಸ್ತು, ಬೋಟಿನ ತಳದ ಬಿರಡೆ. ಒಂದು ಸರೋವರದ ಜೀಬ್ರಾ ಮಸಲ್ ಎಂಬ ಪಿಡುಗಿನ ಚಿಪ್ಪುಜೀವಿ ನೀರಿನ ಜೊತೆ ಇನ್ನೊಂದಕ್ಕೆ ಹರಡದಿರಲೆಂದು, ರಸ್ತೆಯಲ್ಲಿ ಸಾಗಿಸುವಾಗ ಬಿರಡೆ ತೆಗೆದಿರಬೇಕೆಂದು ಮಿನ್ನೆಸೋಟಾದ ಕಾನೂನು ಹೇಳುತ್ತದೆ. ನೀರಿಗಿಳಿಸುವಾಗ ಅದನ್ನು ಮತ್ತೆ ಹಾಕಲು ಮರೆತು, ರ‍್ಯಾಂಪಿನಲ್ಲೇ ಬೋಟು ಮುಳುಗಿಸಿಕೊಂಡು ಊರವರ ಎದುರು ನಗೆಪಾಟಲಾಗುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ.

ಹಳೇ ಬೋಟು ಕೊಂಡವರು ಮೊದಲ ಸಲ ನೀರಿಗಿಳಿಸುವ ಮುನ್ನ ಕೋಸ್ಟ್ ಗಾರ್ಡ್ ಆಕ್ಸಿಲರಿ ಎಂಬ ಸ್ವಯಂಸೇವಕರ ಪಡೆಗೆ ಹೇಳಿಕಳಿಸಬೇಕು. ಅವರು ಬಂದು ಲೈಫ್ ಜಾಕೆಟ್ಟು, ಬೆಂಕಿ ಆರಿಸುವ ಸಿಲಿಂಡರು, ದೀಪ, ಗಾಳಿಯ ಕಿಂಡಿಗಳನ್ನೆಲ್ಲ ನೋಡಿ, ಎಲ್ಲ ಸರಿಯಿದ್ದರೆ ಬೋಟಿಗೆ ಚೀಟಿ ಅಂಟಿಸಿ ಹೋಗುತ್ತಾರೆ. ತಪಾಸಣೆಗೆ ದುಡ್ಡಿಲ್ಲ. ಕೊರತೆ ಕಂಡುಬಂದರೆ ದಂಡವೂ ಇಲ್ಲ, ಏನೇನು ಸರಿಪಡಿಸಬೇಕೆಂದು ಬರೆದುಕೊಡುತ್ತಾರೆ.