ನೀರಿಗಿಂತ ಅಂಬಲಿ ಸಲೀಸು

ಕಟಕ್! ಕಟಿರೊಟ್ಟಿ ಮುರಿದ ಸಪ್ಪಳ. ನಮ್ಮ ತುಬಚಿ, ಜಮಖಂಡಿ ಕಡೆ ಊಟ ಅಂದ್ರ ಇದ. ಬಾಯಿ, ಗಂಟಲ ಕ್ಯಾನ್ಸರಿಗೆ ಕರೆಂಟ್ (ರೇಡಿಯೇಶನ್) ಹಿಡಿಸ್ಕೊಂಡು ಬಂದವರಿಗೆ ಮೊದಲು ದೂರ ಆಗೋದೂ ಇದ.

ಯಾಕಂದ್ರ, ರೇಡಿಯೇಶನ್ನಿಗೆ ಜೊಲ್ಲಿನ ಗ್ರಂಥಿ ಸೊರಗತಾವ, ಬಾಯಿ ಒಣಗತೈತಿ. ಗಂಟಲ ಸ್ನಾಯು ಬರಬರತ ಬಿರುಸಾಗತಾವ. ಕೆಲವರಿಗೆ ಈ ನುಂಗೋ ತ್ರಾಸು ವರ್ಷಗಟ್ಟಲೆ ಆದಮ್ಯಾಲೆ ಕಾಣಿಸಿಕೊಳ್ಳತೈತಿ. "ರೋಗ ತಿರುಗಿ ಬಂತೇನೋ" ಅಂತ ಅಂಜತಾರ. ಡಾಕ್ಟರಿಗೆ ತೋರಿಸಬೇಕು ಖರೆ, ಆದ್ರ ಪ್ರತಿ ಸಲ ಅದ ಇರಂಗಿಲ್ಲ.

ರೊಟ್ಟಿ ಗಂಟಲದಾಗ ನಿಂತ್ರ ಗೊತ್ತರ ಆಗತೈತಿ. ಮೋಸ ಮಾಡೋದು ನೀರು! ಶ್ವಾಸನಾಳದ ಬಾಗಲಾ ಮುಚ್ಚೋದರೊಳಗ ಸರಕ್ಕನ ಒಳಗ ಇಳಿದಿರತೈತಿ. ಕೆಮ್ಮು ಬಂದ್ರ ಚಲೋ. ಕೆಲವರಿಗೆ ಕೆಮ್ಮೂ ಬರಂಗಿಲ್ಲ. ಕುಡಿದ ಮ್ಯಾಲೆ ಧ್ವನಿ ಗುಳುಗುಳು ಅಂದ್ರ, ಪದೇ ಪದೇ ಜ್ವರ, ಕಫ ಬಂದ್ರ ಅನುಮಾನ ಪಡ್ರಿ, ನ್ಯುಮೋನಿಯಾ ಇರಬಹುದು. ಅದಕ್ಕ ಕೆಲವರಿಗೆ ನೀರಿಗಿಂತ ದಪ್ಪನ ಅಂಬಲಿ ಸಲೀಸು. ಎಷ್ಟು ದಪ್ಪ? ಅದನ್ನ ತಪಾಸಣಿ ಮಾಡಿದವರ ಹೇಳಬೇಕು.

ಹೇಳೋರು ಯಾರು? ಮಾತಿನ ಥೆರಪಿಸ್ಟ್. ನಗಬ್ಯಾಡ್ರಿ, ಮಾತಿಗೂ ತುತ್ತಿಗೂ ನಾಲಿಗಿ ಒಂದ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಾಗ ಶುರುವಾತು. ಇಂಥವರನ್ನ ತಯಾರು ಮಾಡೋದ ಅದರ ಕೆಲಸ. ಅವರು ಕಲಿಸೋ ಒಂದು ಕಸರತ್ತು ನೋಡ್ರಿ: ನಾಲಿಗಿ ತುದಿ ಹಲ್ಲಿನ ನಡುವ ಮೆತ್ತಗ ಹಿಡಿದು, ಬರೇ ಉಗುಳು ನುಂಗೋದು. ಬಾಯಾಗ ಅನ್ನ, ನೀರು ಇರಬಾರದು. ಇಂಥ ಕಸರತ್ತು ಕರೆಂಟ್ ಹಿಡಿಯೂಮುಂದನ ಶುರು ಮಾಡಿದ್ರ ಇನ್ನೂ ಚಲೋ.

ಮುಂದಿನ ಸಲ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರಿಗೋ ತಪಾಸಣಿಗೆ ಹೋದಾಗ ಬಾಯಿಬಿಟ್ಟು ಕೇಳ್ರಿ: "ಡಾಕ್ಟರ್ರ, ನುಂಗೋದನ್ನ ಯಾರು ನೋಡ್ತಾರ?"