ಜಾಲಿ ಕಾಯಿ: ಹಿತವಾಗಿ ಕೊಟ್ಟರೆ ಮೇವು, ಅತಿಯಾದರೆ ವಿಷ

ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಬಂತೆಂದರೆ ಹೊಲದಲ್ಲಿ ಹಸಿರು ಕಾಣೋದಿಲ್ಲ. ಆಗ ಕೈಗೆ ಸಿಗೋದು ಬಳ್ಳಾರಿ ಜಾಲಿಯ ಹಣ್ಣುಗಾಯಿ. ಹಳದಿಯಾಗಿ ಉದುರಿದ ಕಾಯಿ ಬಲು ಸಿಹಿ. ಮೇಕೆಗಳು ಓಡಿಹೋಗಿ ತಿನ್ನುತ್ತವೆ. ಖರ್ಚಿಲ್ಲದ ಮೇವು ಅಂತ ನಾನೂ ಸುಮ್ಮನಿದ್ದೆ.

2016ರ ಬರದಲ್ಲಿ ಬೇರೆ ಮೇವೇ ಇರಲಿಲ್ಲ. ತಿಂಗಳುಗಟ್ಟಲೆ ಇದೇ ಕಾಯಿ ತಿಂದವು. ಬರಬರುತ್ತಾ ಎರಡು ಮೇಕೆಗಳ ದವಡೆ ಓರೆಯಾಯಿತು. ಜೊಲ್ಲು ಸುರಿಯೋದು, ಬಾಯಿಗೆ ತಗೊಂಡ ಮೇವು ಕೆಳಗೆ ಬೀಳೋದು. ಮೆಲುಕು ಹಾಕಲಾರದೆ ಬಡಕಲಾಗಿ ಒಂದು ಸತ್ತೇ ಹೋಯಿತು. ಈ ಕಾಯಿಯ ವಿಷಾಂಶ ದವಡೆ, ನಾಲಿಗೆ ಆಡಿಸುವ ನರಗಳನ್ನು ಕೆಡಿಸುತ್ತದೆ, ಕೆಟ್ಟ ಮೇಲೆ ಔಷಧಿಯಿಲ್ಲ ಎಂದರು ಪಶುವೈದ್ಯರು.

ಹಾಗಂತ ಕಾಯಿಯನ್ನೇ ಬಿಡಬೇಕಿಲ್ಲ. ಇದರಲ್ಲಿ ಸಕ್ಕರೆ ಅಂಶ ಹೆಚ್ಚು, ಪ್ರೋಟೀನೂ ನೂರಕ್ಕೆ ಸುಮಾರು 12 ಪಾಲು ಇದೆ. ನಾನೀಗ ಮಾಡೋದಿಷ್ಟು. ಬೂಷ್ಟು ಹಿಡಿದ ಕಾಯಿ ಆರಿಸಿ ಎಸೆಯುತ್ತೇನೆ. ಉಳಿದದ್ದನ್ನು ಗಲಗಲ ಅನ್ನುವಷ್ಟು ಒಣಗಿಸಿ, ಬೀಜ ಸಮೇತ ಪುಡಿ ಮಾಡಿಸುತ್ತೇನೆ. ಹಸಿ ಇದ್ದರೆ ಅಂಟಾಗಿ ಗಿರಣಿಗೆ ಕಚ್ಚಿಕೊಳ್ಳುತ್ತದೆ. ದಿನದ ಮೇವಿನಲ್ಲಿ ಈ ಪುಡಿ ಐದರಲ್ಲಿ ಒಂದು ಪಾಲು ಮೀರಬಾರದು. ಮಿಕ್ಕದ್ದು ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಜೋಳದ ಸೊಪ್ಪೆ.

ಪುಡಿ ಮಾಡೋದರಿಂದ ಇನ್ನೊಂದು ಲಾಭವಿದೆ. ಇಡೀ ಬೀಜ ನುಂಗಿದರೆ ಎಷ್ಟೋ ಬೀಜ ಅರಗದೆ ಹಿಕ್ಕೆಯಲ್ಲಿ ಬಂದು, ಗೊಬ್ಬರದ ಜೊತೆ ಹೊಲ ಸೇರಿ ಮೊಳೆಯುತ್ತದೆ. ಜಾಲಿ ಕಡಿಯೋ ಕಷ್ಟ ನಿಮಗೂ ಗೊತ್ತು.

ಬೇಸಿಗೆಯಲ್ಲಿ ದಿನಾ ಮೇಕೆಯ ಬಾಯಿ ನೋಡಿ. ದವಡೆ ಸ್ವಲ್ಪ ವಾಲಿದಂತೆ ಕಂಡರೂ ಅಂದೇ ಕಾಯಿ ನಿಲ್ಲಿಸಿ.